ದೀಪ ಆರಿಸಲು ಬಂದವರು

ಕೊಂಡಪ್ಪ ವೀಳ್ಯದೆಲೆಯನ್ನು ಇನ್ನೇನು ದೀಪದ ಬತ್ತಿಯ ಮೇಲೆ ಅದುಮಬೇಕು, ಅಷ್ಟರಲ್ಲಿ ಗುಡಿಯ ದೀಪ ಕಾಯುವ ನರಸಕ್ಕ ಅವನ ಮುಂಗೈ ಹಿಡಿದುಕೊಂಡಳು.

"ತಡಿಯಪ್ಪ. ಕಣ್ಣಾರೆ ಕಂಡಿದ್ದೇನು, ಮೊದ್ಲು ಅದನ್ನ ಬಾಯಿಬಿಟ್ಟು ಹೇಳು."

ಬ್ರಹ್ಮಸಮುದ್ರದ ಕಡೆಯ ಆ ಚೌಡಮ್ಮನ ಗುಡಿಯಲ್ಲಿ ಅದೇ ಕಟ್ಟಳೆ. ಕೇಡು ಮಾಡಿದವನನ್ನು ಕಣ್ಣಾರೆ ಕಂಡವರೇ ಬರಬೇಕು, ಅವನ ಹೆಸರು ಹೇಳಿ ಎಲೆಯಿಂದ ಬತ್ತಿ ಅದುಮಬೇಕು. ಮುಂದಿನ ಅಮಾವಾಸ್ಯೆ ಬರುವುದರೊಳಗೆ ಆ ಹೆಸರಿನವನು ಇರುತ್ತಿರಲಿಲ್ಲ. ಬಾವಿಗೆ ಎಂಡ್ರಿನ್ ವಿಷ ಸುರಿದವನು ಹಾಗೇ ಹೋದ. ಕುರಿ ಮೇಯಿಸುವ ಹುಡುಗಿಯನ್ನು ಕೆಡಿಸಿ ಕೊಂದವನೂ ಹೋದ. ಮೈಮೇಲೆ ಒಂದು ಗೀರಿಲ್ಲ, ಜ್ವರವಿಲ್ಲ. ಮಲಗಿದವರು ಏಳಲಿಲ್ಲ ಅಷ್ಟೆ. ಅಂಥವರಿಗಾಗಿ ಊರಲ್ಲಿ ಯಾರೂ ಅಳಲಿಲ್ಲ, ನರಸಕ್ಕನೂ ಅಳಲಿಲ್ಲ.

"ಹಿಂದೂಪುರದಾಗೆ ಇವರ ಮಗಳ ಮನೆಗೂ ನಮ್ಮನೆಗೂ ಒಂದೇ ಗೋಡೆ ಕಣಮ್ಮ," ಎಂದ ಕೊಂಡಪ್ಪ, ಪಕ್ಕದವನ ಕಡೆ ಕೈ ತೋರಿಸಿ. "ಕೂಗು ಕೇಳಿ ಕಿಟಕೀಲಿ ಬಗ್ಗಿ ನೋಡ್ದೆ. ಸ್ಟವ್ ಸಿಡಿದಿದ್ದಲ್ಲ. ಗಂಡ ಶ್ರೀರಾಮುಲುನೇ ಸೀಮೆಎಣ್ಣೆ ಸುರಿದು ಕಡ್ಡಿ ಗೀರ್ದ."

ಪಕ್ಕದಲ್ಲಿ ಕುಳಿತಿದ್ದ ಪರಿಗಿಯ ನೇಕಾರ ವೆಂಕಟರಾಮಪ್ಪ ಟವಲಿನ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡ. ಸುಟ್ಟುಹೋದ ಆದಿಲಕ್ಷ್ಮಿ ಅವನ ಒಬ್ಬಳೇ ಮಗಳು.

"ಕೋರ್ಟಿನಾಗೂ ಇದನ್ನೇ ಹೇಳಿದ್ಯಾ?" ಎಂದಳು ನರಸಕ್ಕ.

ಕೊಂಡಪ್ಪನ ದನಿ ತಗ್ಗಿತು. "ಲಾಯರ್ರು 'ಕಂಡ್ಲತೋ ಚೂಸಿನಾವಾ', ಕಣ್ಣಾರೆ ನೋಡಿದ್ಯಾ, ಅಂದ್ರು. 'ಲೇದು', ಇಲ್ಲ ಅಂದ್ಬುಟ್ಟೆ. ಅವನ ಅಣ್ಣತಮ್ಮಂದಿರು ಬಾಗಿಲಾಗೇ ನಿಂತು ನನ್ನೇ ನೋಡ್ತಿದ್ರು. ನಂಗೂ ಹೆಂಡ್ರು ಮಕ್ಕಳು ಅವ್ರೆ ಕಣಮ್ಮ."

"ಇಲ್ಲಿಗೆ ಬಂದ ಮೇಲೆ ಧೈರ್ಯ ಬಂತಾ?"

"ಇಲ್ಲಿ ಯಾರು ಕೇಳಿಸ್ಕೊತಾರೆ? ಎಲೆ ಅದುಮಿದ್ರೆ ಮುಗೀತು. ನಾನೇ ಅಂತ ಯಾರಿಗೂ ಗೊತ್ತಾಗಲ್ಲ."

ವೆಂಕಟರಾಮಪ್ಪ ಕೈ ಜೋಡಿಸಿದ. "ಇವನ ಕೈ ಬಿಟ್ಬುಡಕ್ಕಾ. ಆ ಪಾಪಿಷ್ಠ ಈಗ ಕಲ್ಯಾಣದುರ್ಗದ ಲಿಂಗಣ್ಣನ ಮಗಳಿಗೆ ತಾಳಿ ಕಟ್ತಾನಂತೆ, ಬರೋ ವಾರಾನೇ. ಅವನು ಸತ್ತರೆ ಆ ಹೆಣ್ಣುಮಗಾದ್ರೂ ಉಳೀತದೆ."

ಆ ಮಾತು ಸುಳ್ಳಲ್ಲ. ನರಸಕ್ಕನ ಹಿಡಿತ ಸಡಿಲವಾಯಿತು. ಎಲೆ ಬತ್ತಿಯ ಹತ್ತಿರ ಹೋಯಿತು, ಎಲೆಯ ತುದಿ ಕರಕಲಾಗಿ ವಾಸನೆ ಬಂತು. ದೀಪದ ಸುದ್ದಿ ಹಬ್ಬಿದಂದಿನಿಂದ ಈ ಸೀಮೆಯಲ್ಲಿ ಕಂಡದ್ದನ್ನು ಕಂಡೆ ಎಂದು ಬೀದಿಯಲ್ಲಿ ಹೇಳಿದ ಒಬ್ಬನನ್ನೂ ಅವಳು ನೋಡಿರಲಿಲ್ಲ. ಎಲ್ಲರೂ ಹೀಗೇ ಬರುತ್ತಿದ್ದರು, ತಲೆಗೆ ಟವಲು ಸುತ್ತಿಕೊಂಡು, ಅತ್ತಿತ್ತ ನೋಡಿಕೊಂಡು.

ಅವಳು ಫಕ್ಕನೆ ಕೊಂಡಪ್ಪನ ಕೈಯಿಂದ ಎಲೆ ಕಿತ್ತುಕೊಂಡು ತನ್ನ ಬಾಯಿಗೆ ಹಾಕಿ ಅಗಿದುಬಿಟ್ಟಳು.

"ಏಳ್ರಿ. ಕಲ್ಯಾಣದುರ್ಗದ ಜೀಪು ಇನ್ನೂ ಹೊರಟಿಲ್ಲ. ನೀನು ಕಂಡಿದ್ದನ್ನ ಆ ಹುಡುಗಿ ಅಪ್ಪನ ಮುಂದೆ ಹೇಳು."

"ಅಯ್ಯೋ, ಆ ಶ್ರೀರಾಮುಲು ನನ್ನ ಕೊಂದ್ಬುಡ್ತಾನಮ್ಮಾ!"

"ಕೊಂದ್ರೆ, ಕಣ್ಣಾರೆ ಕಂಡೆ ಅಂತ ಕೋರ್ಟಿನಾಗೆ ಹೇಳೋಕೆ ನಾನಿದ್ದೀನಿ. ನಡಿಯೋ."

ಜೀಪಿನಲ್ಲಿ ಕೊಂಡಪ್ಪ ಇಳಿದು ಓಡಿಹೋದಾನೆಂದು ನರಸಕ್ಕ ಅವನ ಅಂಗಿಯ ಚುಂಗು ಹಿಡಿದೇ ಕೂತಿದ್ದಳು. ವೆಂಕಟರಾಮಪ್ಪ ಎದುರಿಗೆ ಕೂತು, ಮತ್ತೆ ಟವಲು ಕಚ್ಚಿಕೊಂಡು, ಇಬ್ಬರನ್ನೂ ದುರುದುರು ನೋಡುತ್ತಿದ್ದ. ಕೈಗೆ ಬಂದದ್ದನ್ನು ಈ ಮುದುಕಿ ಬಾಯಿಗೆ ಹಾಕಿಕೊಂಡಳಲ್ಲ ಎಂಬ ಸಿಟ್ಟು ಅವನಿಗೆ.

ಲಿಂಗಣ್ಣನ ಮನೆ ಮುಂದೆ ಚಪ್ಪರಕ್ಕೆ ತೆಂಗಿನ ಗರಿ ಹೊದಿಸುತ್ತಿದ್ದರು. ಒಳಗೆ ಅರಿಸಿನ ಕುಟ್ಟುವ ಸದ್ದು. ಕೊಂಡಪ್ಪ ಲಿಂಗಣ್ಣನನ್ನು ಗೋಡೆ ಮರೆಗೆ ಕರೆದು, ಕಿವಿಯ ಹತ್ತಿರ ಬಾಯಿಟ್ಟು, ಕಂಡದ್ದನ್ನೆಲ್ಲ ಪಿಸುಗುಟ್ಟಿದ. ಲಿಂಗಣ್ಣ ಕೇಳಿದ. ಕೇಳಿ ಚಪ್ಪರ ನೋಡಿದ.

"ಎಲ್ಲಾ ಆದ ಮೇಲೆ ಬಂದ್ಬುಟ್ರಲ್ಲಪ್ಪ. ನೆಂಟರಿಗೆಲ್ಲ ಅಡಿಕೆ ಎಲೆ ಹೋಗಿ ಆಗೈತೆ. ಈಗ ನಿಲ್ಲಿಸಿದ್ರೆ ನನ್ನ ಮಗಳನ್ನ ಮತ್ತೆ ಯಾರು ಕೇಳ್ತಾರೆ?" ಎಂದು ನರಸಕ್ಕನ ಕಡೆ ತಿರುಗಿ ಕೈ ಮುಗಿದ. "ಲಗ್ನ ನಡೀಲಿ ಕಣಕ್ಕಾ. ನಾಳೆ ಅವನೇನಾರ ಎಡವಟ್ಟು ಮಾಡಿದ್ರೆ, ನಿನ್ನ ತಾವ ದೀಪ ಇದ್ದೇ ಐತಲ್ಲ."

ವೆಂಕಟರಾಮಪ್ಪ ಬಾಯಲ್ಲಿದ್ದ ಟವಲು ತೆಗೆದ.

"ದೀಪ ಆರಿಸೋಕೆ ಕಣ್ಣಾರೆ ಕಂಡೋರು ಬೇಕು ಲಿಂಗಣ್ಣ," ಎಂದಳು ನರಸಕ್ಕ. "ನಿನ್ನ ಮಗಳು ಉರಿಯೋದನ್ನ ನೋಡೋಕೆ ನೀನು ಹೋಯ್ತೀಯಾ? ಇಲ್ಲ, ಇವನನ್ನೇ ಮತ್ತೆ ಕಿಟಕಿ ತಾವ ನಿಲ್ಲಿಸ್ತೀಯಾ?"

ಚಪ್ಪರದ ಮೇಲಿದ್ದವರು ಗರಿ ಹಿಡಿದುಕೊಂಡೇ ಕೆಳಗೆ ನೋಡಿದರು.

ಒಳಗೆ ಕುಟ್ಟುವ ಸದ್ದು ಯಾವಾಗ ನಿಂತಿತ್ತೋ ಯಾರಿಗೂ ತಿಳಿದಿರಲಿಲ್ಲ. ಲಿಂಗಣ್ಣನ ಮಗಳು ಕದಿರಮ್ಮ ಹೊಸಿಲು ದಾಟಿ ಬಂದಳು, ಮೊಣಕೈವರೆಗೂ ಅರಿಸಿನ. ಅಪ್ಪನ ಕಡೆ ನೋಡಲಿಲ್ಲ. ಕಂಕುಳಲ್ಲಿದ್ದ ಚಾಪೆಯನ್ನು ಗೋಡೆಯ ಮರೆಯಲ್ಲಲ್ಲ, ಬೀದಿಯ ನಡುಮಧ್ಯೆ ಹಾಸಿದಳು.

"ಬಾ, ಇಲ್ಲಿ ಕೂತ್ಕಾ ಮಾವಾ," ಎಂದಳು ಕೊಂಡಪ್ಪನಿಗೆ. "ಮೊದಲಿಂದ ಹೇಳು. ಗಟ್ಟಿಯಾಗಿ ಹೇಳು, ಆ ಕೊನೇ ಮನೆಯೋರಿಗೂ ಕೇಳಬೇಕು."