ಹನಿ ಹೊರಟ ದಿಕ್ಕು

ಅಂಗೈ ಮೇಲಿಟ್ಟ ಹನಿ ತನ್ನ ಬಳಗದ ನೀರಿನತ್ತ ಹರಿಯುತ್ತದೆ. ಹಳ್ಳದ ಹನಿ ಹೊಳೆಯತ್ತ ಹರಿದರೆ ಮಾತ್ರ ಆ ಹಳ್ಳಕ್ಕೆ ಕೊಳಕು ಬಿಡಬಾರದೆಂಬ ಕೇಂದ್ರದ ಕಾನೂನು ಅನ್ವಯ. ಅದಕ್ಕೆಂದೇ ಬಣ್ಣದ ಕಾರ್ಖಾನೆಯ ಮ್ಯಾನೇಜರ್ ಮುರಿಗೆಪ್ಪ ತಾನು ಕೊಳಕು ಬಿಡುವ ಹಳ್ಳಕ್ಕೂ ಹೊಳೆಗೂ ನಡುವೆ ಒಡ್ಡು ಕಟ್ಟಿಸಿದ್ದ.

ನೀರಿನ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ದಾಕ್ಷಾಯಣಿ ಹಳ್ಳದ ನೀಲಿ ಹನಿಯೊಂದನ್ನು ಅಂಗೈಗೆ ಹಾಕಿಕೊಂಡು ನಿಂತರು. ಅದು ಅಲುಗಲಿಲ್ಲ.

"ನಾ ಹೇಳ್ಲಿಲ್ಲೇನ್ರಿ ಮೇಡಂ, ಇದು ಯಾವ ಹೊಳೀಗೂ ಸೇರಿದ್ದಲ್ಲ," ಎಂದು ಮುರಿಗೆಪ್ಪ ನಕ್ಕ.

"ತಡೀರಿ. ಬಣ್ಣ ಕುಡದೈತಿ, ದಾರಿ ನೆನಪಾಗಾಕ ಹೊತ್ತು ಬೇಕು."

ಬಿಸಿಲೇರಿತು. ಅವರ ಅಂಗೈ ಕೆಂಪಾಗಿ ಬಾತುಕೊಂಡರೂ ಕೈ ಓರೆಯಾಗಲಿಲ್ಲ. ಒಂದು ಹನಿಗಾಗಿ ಹೀಗೆ ನಿಂತವರನ್ನು ಮುರಿಗೆಪ್ಪ ಕಂಡಿರಲಿಲ್ಲ. ನಗು ಮರೆತು ತಾನೇ ಕೊಡೆ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಹನಿ ನಡುಗಿ, ಮಣಿಕಟ್ಟು ದಾಟಿ ಹೊಳೆಯತ್ತ ಹೊರಟಿತು.

"ಒಡ್ಡಿನ ಬುಡಕ ದಾರಿ ಐತ್ರಿ," ಎಂದರು ದಾಕ್ಷಾಯಣಿ.

ಸೋತರೂ ಅವನಿಗೆ ಕೈಮುಗಿಯಬೇಕೆನಿಸಿತು. ಕಾರ್ಖಾನೆಯ ಬೋರಿನಿಂದ ಒಂದು ಲೋಟ ಕುಡಿಯುವ ನೀರು ತಂದುಕೊಟ್ಟ. ಅವರು ರೂಢಿಯಂತೆ ಅದರದ್ದೂ ಒಂದು ಹನಿಯನ್ನು ಇನ್ನೊಂದು ಅಂಗೈಗೆ ಹಾಕಿಕೊಂಡರು. ಅದು ಒಂದು ಗಳಿಗೆಯೂ ಕಾಯದೆ ಹಳ್ಳದತ್ತ ಓಡಿತು.

"ನೀವೂ ದಿನಾ ಇದನ್ನ ಕುಡೀತೀರೇನ್ರಿ?"

ಮುರಿಗೆಪ್ಪ ಕೊಡೆಯನ್ನು ಅವರ ಕೈಗಿತ್ತು, ಬಣ್ಣದ ಪೈಪಿನ ವಾಲ್ವ್ ಮುಚ್ಚಲು ಓಡಿದ.