ಮೂರು ಸಲ ಹೇಳಿದ ಕಥೆ

ಗಂಧದ ಹಾರದ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಅಪ್ಪ ದೇವರಂತೆ ಕಾಣುತ್ತಿದ್ದ ನಟರು ಆ ಮಧ್ಯಾಹ್ನ ಮಯೂರ್ ವಿಹಾರದ ನಮ್ಮ ಕನ್ನಡ ಸಂಘದ ಸಭಾಂಗಣಕ್ಕೆ ಬಂದಿದ್ದರು. ಮೈಸೂರು ಪೇಟ ತೊಡಿಸಿ, ಗಂಧದ ಹಾರ ಹಾಕಿ ಮೈಕು ಕೊಟ್ಟರು. ಅವರು ತಮ್ಮ ಮೊದಲ ನಾಟಕದಲ್ಲಿ ರಾಜನಾಗಿ ಅಬ್ಬರಿಸುವಾಗ ಅಂಟಿಸಿದ ಮೀಸೆ ಕಳಚಿ ಬಿದ್ದ ಕಥೆ ಹೇಳಿದರು. ಸಭೆ ನಕ್ಕಿತು. ನೀರು ಕುಡಿದು, ಅದೇ ಕಥೆಯನ್ನು ಅದೇ ಮಾತುಗಳಲ್ಲಿ ಮತ್ತೆ ಹೇಳಿದರು. ಜನ ಇನ್ನೂ ಜೋರಾಗಿ ನಕ್ಕರು.

ಮೂರನೇ ಸಲ ಶುರುವಾದಾಗ ನಾನು ಕೇಳಿದೆ, "ಅಪ್ಪಾ, ಫಿರ್ ಸೇ ಅದೇ ಕಥೆನಾ?"

"ಶ್! ನಮ್ಮನ್ನ ಹೇಗೆ ಆಟ ಆಡಿಸ್ತಿದ್ದಾರೆ ನೋಡು," ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಅಮ್ಮ ಮಾತ್ರ ನಗಲಿಲ್ಲ. "ರೀ, ಅವರ ಹೆಂಡತೀನ ನೋಡಿ," ಎಂದಳು.

ಮೊದಲ ಸಾಲಿನಲ್ಲಿದ್ದ ಆಕೆ ಸೆರಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಆಮೇಲೆ ಎದ್ದು ವೇದಿಕೆ ಹತ್ತಿ, ಗಂಡನ ಮೊಣಕೈ ಹಿಡಿದು, "ಸಾಕು, ಬನ್ನಿ," ಎಂದರು.

ನಟರು ಆಕೆಗೆ ಕೈಮುಗಿದು ಮೈಕಿನಲ್ಲೇ ವಿನಯದಿಂದ ಕೇಳಿದರು, "ಕ್ಷಮಿಸಿ ತಾಯಿ, ತಾವು ಯಾರು?"

ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆಗಲೇ. ನಾನು ಕುರ್ಚಿಯ ಮೇಲೆ ನಿಂತು ತಟ್ಟಿದೆ.