ಯಾರೂ ವಾಸವಿಲ್ಲ

ಹುಲಿಯಮ್ಮನ ಜಗುಲಿಯ ಮೇಲೆ ಕೂತು, ಹುಲಿಯಮ್ಮ ಕೊಟ್ಟ ಚಹಾ ಕುಡಿಯುತ್ತ, ಗ್ರಾಮ ಆಡಳಿತಾಧಿಕಾರಿ ಪೂರ್ಣೇಶ್ ಮಹಜರಿನಲ್ಲಿ ಬರೆದ: 'ಹೆಬ್ಬಲಸಿನಮಕ್ಕಿ ಗ್ರಾಮದಲ್ಲಿ ಯಾರೂ ವಾಸವಿಲ್ಲ.'

"ಎಂತ ಬರ್ದ್ರಿ ಸಾರ್? ಒಂಚೂರು ಓದಿ ಹೇಳಿ," ಎಂದಳು ಹುಲಿಯಮ್ಮ.

ಪೂರ್ಣೇಶ್ ಓದಿದ. ಓದುವಾಗ ಅವನಿಗೇ ನಾಚಿಕೆಯಾಯಿತು. "ದಾಖಲೆಲಿ ಇದು ಬೇಚರಾಕ್ ಊರು ಅಮ್ಮ. ಅಂದ್ರೆ ಜನ ಇಲ್ಲದ್ದು. ಮೇಲಿಂದ ಬಂದ ನಮೂನೆ ಇದು, ನಾನು ಊರಿನ ಹೆಸ್ರು ಹಾಕಿ ಹಂಗೇ ನಕಲು ಮಾಡ್ತೀನಿ ಅಷ್ಟೆ."

"ಹಂಗಾರೆ ನಾವೆಂತ, ದೆವ್ವಗಳಾ?" ಒಳಗಿನಿಂದ ಬಂದ ಗಂಡ ಗೋಪಾಲಪ್ಪನಿಗೆ ಸಿಟ್ಟು ನೆತ್ತಿಗೇರಿತ್ತು.

ಸಿಟ್ಟು ಬರದೆ ಇರುತ್ತದೆಯೇ? ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಗೋಪಾಲಪ್ಪನ ಅಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ದನ ಹೊಡೆದುಕೊಂಡು ಈ ಗುಡ್ಡ ಹತ್ತಿದ. ಹಿಂದೆಯೇ ಇನ್ನೂ ನಾಲ್ಕು ಮನೆಯವರು ಹತ್ತಿದರು. ಕಾಗದವೊಂದು ಮಾತ್ರ ಹತ್ತಲಿಲ್ಲ. ಈಗ ಹೊಸ ಕಾಯ್ದೆ ಬಂದಿತ್ತು: ಇಂಥ ಊರಿನ ಮನೆಗಳನ್ನೂ ಕಂದಾಯದ ಪಟ್ಟಿಗೆ ಸೇರಿಸಬೇಕು, ಪಟ್ಟಿಗೆ ಸೇರಿದ ಊರಿಗೆ ರಸ್ತೆ, ಹಳ್ಳ ದಾಟಲು ಸಂಕ ಮಾಡಿಸಬೇಕು. ಕಳೆದ ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಸೊಸೆ ಸ್ವಪ್ನಾಳನ್ನು ಕಂಬಳಿಯಲ್ಲಿ ಹೊತ್ತು, ತುಂಬಿದ ಹಳ್ಳದ ಮೇಲೆ ಓಲಾಡುವ ಮರದ ಸಂಕ ದಾಟಿಸಿದ ದಿನವೇ ಹುಲಿಯಮ್ಮ ಹಠ ಹಿಡಿದಿದ್ದಳು. ಕಾಂಕ್ರೀಟಿನ ಸಂಕ ಆಗಲೇಬೇಕು. ಜನ ಕಂದಾಯ ತಪ್ಪಿಸಿಕೊಳ್ಳಲು ಓಡಾಡುತ್ತಾರೆ. ಇವಳು ನಮಗೂ ಕಂದಾಯ ಹಾಕಿ ಎಂದು ಪಂಚಾಯಿತಿಗೆ ಅಲೆದು ಎರಡು ಜೊತೆ ಚಪ್ಪಲಿ ಸವೆಸಿದ್ದಳು. ಈ ಮಹಜರು ಹೀಗೇ ಮೇಲೆ ಹೋದರೆ ಪಟ್ಟಿಯೂ ಇಲ್ಲ, ಸಂಕವೂ ಇಲ್ಲ.

"ಕೊಡ್ರೀ ಇಲ್ಲಿ, ಹರ್ದ್ ಹಾಕ್ತೀನಿ," ಎಂದು ಗೋಪಾಲಪ್ಪ ಕೈ ಚಾಚಿದ.

"ನೀವು ಸುಮ್ನಿರಿ ಒಂದ್ಗಳಿಗೆ. ಸಾರ್, ಇದಕ್ಕೆ ರುಜು ಹಾಕೋರು ಯಾರು?" ಹುಲಿಯಮ್ಮ ಗಂಡನನ್ನು ತಡೆದು ಕೇಳಿದಳು.

"ಪಂಚರು ಅಮ್ಮ. ಐದು ಜನ, ಸ್ಥಳೀಕರೇ ಆಗ್ಬೇಕು." ಪೂರ್ಣೇಶ್ ತಲೆ ತುರಿಸಿಕೊಂಡ. ಇವತ್ತೇ ಮುಗಿಸಬೇಕಾದ ಊರುಗಳು ಇನ್ನೂ ಮೂರಿದ್ದವು. "ನೀವೇ ಹಾಕಿದ್ರೆ ನಂಗೊಂದು ಉಪಕಾರ ಆಗ್ತಿತ್ತು."

"ಅದಕ್ಕೆಂತ, ಹಾಕಣ."

ಗೋಪಾಲಪ್ಪ ಬಾಯಿ ಬಿಟ್ಟು ನಿಂತ. ಹುಲಿಯಮ್ಮ ಅಂಗಳಕ್ಕಿಳಿದು ಕೂಗು ಹಾಕಿದಳು. ಮನೆಗೊಬ್ಬರಂತೆ ನಾಲ್ವರು ಬಂದರು. ಮಹಿಳಾ ಸಂಘದಲ್ಲಿ ಕಲಿತ ಅಕ್ಷರದಲ್ಲಿ ಹುಲಿಯಮ್ಮ ಎಲ್ಲರಿಗಿಂತ ಮೊದಲು ಬರೆದಳು: 'ಹುಲಿಯಮ್ಮ ಕೋಂ ಗೋಪಾಲಪ್ಪ, ವಾಸ: ಹೆಬ್ಬಲಸಿನಮಕ್ಕಿ ಗ್ರಾಮ.' ಉಳಿದವರೂ ಅದನ್ನೇ ನೋಡಿಕೊಂಡು ತಮ್ಮ ತಮ್ಮ ಹೆಸರಿನ ಮುಂದೆ ಊರು ಬರೆದರು.

ಪೂರ್ಣೇಶ್ ಗಾಬರಿಯಾದ. "ಅಯ್ಯೋ, ವಾಸ ಅಂತ ಇದ್ದಲ್ಲಿ ಪಕ್ಕದ ಊರು ಬರೀಬೇಕಿತ್ತು ಅಮ್ಮ. ವೋಟಿನ ಚೀಟಿಲಿ ಹಂಗೇ ಇರ್ತದಲ್ಲ?"

"ವೋಟು ಹಾಕಾಕೆ ಅಲ್ಲಿಗೆ ಹೋಗ್ತೀವಿ ಸಾರ್. ಉಣ್ಣೋದು, ಮಲ್ಗೋದು ಇಲ್ಲೇ. ಸುಳ್ ಬರ್ದು ರುಜು ಹಾಕಿದ್ರೆ ನಾಳೆ ನಮ್ಮೇಲೇ ಕೇಸಾಗಲ್ವಾ?"

ಪೂರ್ಣೇಶ್ ಕಾಗದವನ್ನು ಇನ್ನೊಮ್ಮೆ ನೋಡಿದ. ಮೇಲೆ, ಈ ಊರಿನಲ್ಲಿ ಯಾರೂ ಇಲ್ಲ. ಕೆಳಗೆ, ಹೌದು ಯಾರೂ ಇಲ್ಲ ಎಂದು ಅದೇ ಊರಿನ ಐದು ಜನರ ರುಜು.

"ಇದನ್ನ ತಗೊಂಡ್ ಹೋದ್ರೆ ಸಾಹೇಬ್ರು ನನ್ನ ಮರ್ಯಾದೆ ತೆಗೀತಾರೆ."

"ಹಂಗಾರೆ ಎರಡ್ರಲ್ಲಿ ಒಂದು ಹೊಡ್ದ್ ಹಾಕಿ. ಕೆಳಗಿಂದು ಹೊಡ್ಯಾಕೆ ನಾವ್ ಬಿಡಲ್ಲ, ನೋಡಿ."

ಪೂರ್ಣೇಶನಿಗೆ ನಗು ತಡೆಯಲಾಗಲಿಲ್ಲ. ಮೇಲಿನ ಸಾಲಿಗೆ ಗೆರೆ ಎಳೆದು 'ಐದು ಕುಟುಂಬಗಳು ವಾಸವಿವೆ' ಎಂದು ಬರೆದ. ತಿದ್ದಿದ ಜಾಗದಲ್ಲಿ ಮತ್ತೊಮ್ಮೆ ಎಲ್ಲರ ರುಜು ಹಾಕಿಸಿದ. ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡು, ಹೇಳದೆ ಹೋಗಬಾರದು ಎಂಬಂತೆ ನಿಂತ.

"ಆಮೇಲೆ ನನ್ನ ಬೈಬೇಡಿ ಅಮ್ಮ. ಪಟ್ಟಿಗೆ ಸೇರಿದ್ಮೇಲೆ ವರ್ಷ ವರ್ಷ ಕಂದಾಯ ಕಟ್ಬೇಕು. ತಪ್ಪಿದ್ರೆ ಮನೆ ಬಾಗ್ಲಿಗೇ ನೋಟಿಸ್ ಬರ್ತದೆ."

"ಬರ್ಲಿ ಸಾರ್," ಎಂದಳು ಹುಲಿಯಮ್ಮ, ಅವನು ಕುಡಿದಿಟ್ಟ ಲೋಟ ಎತ್ತಿಕೊಳ್ಳುತ್ತ. "ಮಳೆಗಾಲದಾಗೆ ಆ ನೋಟಿಸ್ ತರೋರಿಗಾದ್ರೂ ಒಂದ್ ಸಂಕ ಬೇಕಲ್ದಾ?"